ಪೋಷಕರಿಗೂ ವೃತ್ತಿಪರರಿಗೂ ಒಟ್ಟಿಗೆ ತರಬೇತಿ: ಯಾರಿಗೆ, ಏನನ್ನು, ಯಾರು ಕಲಿಸಬೇಕು?

ಸೀತಾನದಿ, ಬ್ರಹ್ಮಾವರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಆಟಿಸಂ ಇರುವ, ಈಗ ಮೂರನೇ ತರಗತಿಯಲ್ಲಿ ಓದುತ್ತಿರುವ ಹುಡುಗನ ತಾಯಿ. ಕೋಟ, ಸಾಲಿಗ್ರಾಮ, ಬ್ರಹ್ಮಾವರ ಮತ್ತು ಉಡುಪಿಯ ಕೆಲವು ಮನೆಯವರು ತಿಂಗಳಿಗೊಮ್ಮೆ ಸೇರುವ ಸಣ್ಣದೊಂದು ಪೋಷಕರ ಬಳಗ ನಮ್ಮದು. ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಬೌದ್ಧಿಕ ನ್ಯೂನತೆ ಇರುವ ಮಕ್ಕಳ ಹೆತ್ತವರೂ ಬಳಗದಲ್ಲಿದ್ದಾರೆ. ಇಷ್ಟು ಕಾಲ ನಮ್ಮ ಸಭೆಗಳು ಕಷ್ಟಸುಖ ಹೇಳಿಕೊಳ್ಳುವುದರಲ್ಲಿಯೇ ಮುಗಿಯುತ್ತಿದ್ದವು. ಈಗ ಊರಿನ ದಾನಿಯೊಬ್ಬರು ಸಭಾಂಗಣವನ್ನೂ ಒಂದಿಷ್ಟು ಹಣವನ್ನೂ ಕೊಡಲು ಮುಂದೆ ಬಂದಿದ್ದು, ಒಂದು ದಿನದ ಶಿಬಿರ ಬೇಡ, ಉಪಯೋಗಕ್ಕೆ ಬರುವಂಥ ತರಬೇತಿ ನಡೆಸಿ ಎಂದಿದ್ದಾರೆ.

ಬಳಗದಲ್ಲಿ ಈ ವಿಷಯದಲ್ಲಿ ಒಮ್ಮತವಿಲ್ಲ. ಬೈಂದೂರು ಕಡೆಯಿಂದ ಮಣಿಪಾಲಕ್ಕೆ ಸುಮಾರು 70 ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಮುಕ್ಕಾಲು ಗಂಟೆಯ ಥೆರಪಿ ಮುಗಿಸಿ, ಮಳೆಗಾಲದಲ್ಲಿ ಮಗುವನ್ನು ಎತ್ತಿಕೊಂಡು ಹಿಂದಿರುಗುವುದು ಎಷ್ಟು ದಿನ ಸಾಧ್ಯ, ಆದ್ದರಿಂದ ತಾಯಂದಿರಿಗೇ ಥೆರಪಿ ಕಲಿಸಿ ಎಂದು ಕೆಲವರು ಹೇಳುತ್ತಾರೆ. ಮಗು ದಿನದ ಹೆಚ್ಚಿನ ಹೊತ್ತು ಇರುವುದು ಅಂಗನವಾಡಿ ಅಥವಾ ಶಾಲೆಯಲ್ಲಿ, ಕಲಿಸಬೇಕಾದದ್ದು ಅಲ್ಲಿಯವರಿಗೆ ಎನ್ನುವುದು ಉಳಿದವರ ವಾದ. ನನಗೆ ಇವೆರಡಕ್ಕಿಂತ ಬೇರೆಯದೊಂದು ಕೊರತೆ ಕಾಣಿಸುತ್ತಿದೆ. ಮಗನ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ, ಅಂದರೆ ಅವನೊಬ್ಬನಿಗಾಗಿ ಕಲಿಕೆಯ ಗುರಿಗಳನ್ನು ಬರೆದಿಡುವ ಕಡತದಲ್ಲಿ, ಕಳೆದ ವರ್ಷ 'ಏಕಾಗ್ರತೆ ಹೆಚ್ಚಿಸುವುದು' ಎಂದು ಬರೆದಿದ್ದರು. ಈ ವರ್ಷವೂ ಅದನ್ನೇ ಬರೆದು ನನ್ನ ಸಹಿ ಪಡೆದರು. ಹೆಚ್ಚಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ ಎಂಬುದನ್ನು ಆ ಕೋಣೆಯಲ್ಲಿದ್ದ ಯಾರೂ ಕೇಳಲಿಲ್ಲ. ಅಂಥ ಕಡೆ ಮನೆಯವರ ಪಕ್ಕದಲ್ಲಿ ಕುಳಿತು ಕೇಳಬೇಕಾದದ್ದನ್ನು ಕೇಳಬಲ್ಲ ಪೋಷಕ ಪ್ರತಿನಿಧಿಗಳನ್ನು ತಯಾರು ಮಾಡಲು ಸಾಧ್ಯವೇ? ಯಾರು ಕಲಿಸಬೇಕು, ಎಷ್ಟು ಕಲಿಸಬೇಕು, ಕೊನೆಗೆ ಕೊಡುವ ಪ್ರಮಾಣಪತ್ರಕ್ಕೆ ಬೆಲೆ ಇದೆಯೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ನೇತ್ರಾವತಿ, ವಾಕ್ ಚಿಕಿತ್ಸಕಿ, ಮಂಗಳೂರು

ಪ್ರಮಾಣಪತ್ರದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ, ಏಕೆಂದರೆ ಅದರಲ್ಲಿ ಗೊಂದಲಕ್ಕೆ ಎಡೆಯಿರಬಾರದು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆಯ ಪ್ರಕಾರ ವಾಕ್ ಮತ್ತು ಶ್ರವಣ ತಜ್ಞರು, ವಿಶೇಷ ಶಿಕ್ಷಕರು, ಚಿಕಿತ್ಸಕ ಮನಶ್ಶಾಸ್ತ್ರಜ್ಞರು ಮುಂತಾದವರು ಮಾನ್ಯತೆ ಪಡೆದ ಕೋರ್ಸ್ ಮುಗಿಸಿ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ದಾಖಲಿಸಿಕೊಂಡಿರಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸುವುದು ಶಿಕ್ಷಾರ್ಹ. ನಿಮ್ಮ ಸಭಾಂಗಣದ ತರಬೇತಿ ಯಾರನ್ನೂ ಥೆರಪಿಸ್ಟ್ ಮಾಡಲಾರದು, ಹಾಗೆಂದು ಹೇಳಿಕೊಳ್ಳಲೂ ಬಾರದು. ಬಳಗದ ಯುವಕ ಯುವತಿಯರಲ್ಲಿ ಯಾರಿಗಾದರೂ ಇದನ್ನೇ ಕಸುಬಾಗಿ ಹಿಡಿಯುವ ಆಸೆಯಿದ್ದರೆ ವಿಶೇಷ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾ ಇದೆ. ಸಮುದಾಯ ಆಧಾರಿತ ಸಮನ್ವಯ ಅಭಿವೃದ್ಧಿ ಎಂಬ ಆರು ತಿಂಗಳ ಕೋರ್ಸನ್ನೂ ಪರಿಷತ್ತು ಆರಂಭಿಸಿದೆ. ಉಳಿದವರಿಗೆ ಭಾಗವಹಿಸಿದ್ದಾರೆ ಎಂಬ ಚೀಟಿ ಕೊಟ್ಟರೆ ಸಾಕು.

ಹಾಗೆಂದು ಹೆತ್ತವರು ಕಲಿಯುವುದರಲ್ಲಿ ಅರ್ಥವಿಲ್ಲವೆಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2 ರಿಂದ 9 ವರ್ಷದ ಮಕ್ಕಳ ಪಾಲಕರಿಗಾಗಿ ರೂಪಿಸಿರುವ ಕೌಶಲ ತರಬೇತಿಯಲ್ಲಿ ಒಂಬತ್ತು ಗುಂಪು ಕಲಿಕೆಗಳೂ ಮೂರು ಮನೆ ಭೇಟಿಗಳೂ ಇವೆ. ತಜ್ಞರಲ್ಲದವರೂ ತರಬೇತಿ ಪಡೆದು ಅದನ್ನು ನಡೆಸಬಹುದು. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಜ್ಞರಲ್ಲದ ಕಾರ್ಯಕರ್ತರು ಆಟಿಸಂ ಇರುವ ಮಕ್ಕಳ ಹೆತ್ತವರ ಜೊತೆ ಕೆಲಸ ಮಾಡಿದಾಗ, ಹೆತ್ತವರು ಮಗುವಿನ ಗಮನವನ್ನು ಹಿಂಬಾಲಿಸಿ ಸ್ಪಂದಿಸುವ ರೀತಿ ಸುಧಾರಿಸಿತು, ಮಕ್ಕಳು ತಾವಾಗಿ ಸಂವಹನ ಆರಂಭಿಸುವುದೂ ಹೆಚ್ಚಿತು. ಇವೆರಡರಲ್ಲಿಯೂ ಕಲಿಸುವುದು ಚಿಕಿತ್ಸೆಯ ಕಸರತ್ತನ್ನಲ್ಲ, ಆಟ, ಊಟ, ಸ್ನಾನ, ಬಟ್ಟೆ ಹಾಕುವುದು ಇಂಥ ಹೊತ್ತುಗಳನ್ನು ಬಳಸಿಕೊಳ್ಳುವುದನ್ನು.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ಮಗುವಿಗೆ ಹಗುರ ಆಹಾರವೆಂದು ಮೊದಲು ಕೊಡುವುದು ಕುಚ್ಚಲಕ್ಕಿ ಗಂಜಿಯನ್ನು. ನುಂಗಲು ತೊಂದರೆಯಿರುವ, ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಅದು ಹಗುರವಲ್ಲ. ಒಂದೇ ಚಮಚದಲ್ಲಿ ತೆಳ್ಳನೆಯ ತಿಳಿಯೂ ಗಟ್ಟಿ ಅಗುಳೂ ಇರುವುದರಿಂದ, ಮಗು ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಜಾರಿ ಕೆಮ್ಮು ಬರುತ್ತದೆ. ಎರಡನ್ನೂ ಚೆನ್ನಾಗಿ ಮಸೆದು ಒಂದೇ ಹದಕ್ಕೆ ತರುವುದು, ಮಗುವನ್ನು ಮಲಗಿಸಿಕೊಳ್ಳದೆ ಸೊಂಟ ಹಿಂದಕ್ಕೆ ತಾಗಿ ಪಾದಕ್ಕೆ ಆಸರೆ ಸಿಗುವಂತೆ ಕೂರಿಸುವುದು, ತಲೆ ಹಿಂದಕ್ಕೆ ವಾಲದಂತೆ ಚಮಚವನ್ನು ಮೇಲಿನಿಂದ ಸುರಿಯದೆ ಎದುರಿನಿಂದ ತರುವುದು, ಇಷ್ಟನ್ನು ಕಲಿಸಲು ಅರ್ಧ ಗಂಟೆ ಸಾಕು. ಆದರೆ ಊಟದ ಹೊತ್ತಿಗೆ ಪದೇಪದೇ ಕೆಮ್ಮುವ, ಆಗಾಗ ಎದೆಯಲ್ಲಿ ಕಫ ಕಟ್ಟುವ ಮಗುವನ್ನು ಮೊದಲು ತಜ್ಞರು ಪರೀಕ್ಷಿಸಲೇಬೇಕು ಎಂಬುದನ್ನೂ ಅದೇ ಅರ್ಧ ಗಂಟೆಯಲ್ಲಿ ಕಲಿಸಬೇಕು. ಎಲ್ಲಿ ನಿಲ್ಲಿಸಿ ತಜ್ಞರ ಬಳಿ ಹೋಗಬೇಕೆಂಬುದು ತಿಳಿಯದಿದ್ದರೆ ಉಳಿದದ್ದು ಅರೆಬರೆ ಕಲಿಕೆಯಾಗುತ್ತದೆ.

ಕಲಿಯಬೇಕಾದದ್ದು ವೃತ್ತಿಪರರಿಗೂ ಸಾಕಷ್ಟಿದೆ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಆಡುವ ಮಗುವಿಗೆ ಮಾತು ತಡವಾದರೆ, ಮನೆಮಾತನ್ನು ಬಿಟ್ಟು ಕನ್ನಡವನ್ನೋ ಇಂಗ್ಲಿಷನ್ನೋ ಮಾತ್ರ ಬಳಸಿ ಎಂಬ ಸಲಹೆ ಈಗಲೂ ಕೆಲವು ಕಡೆ ಸಿಗುತ್ತಿದೆ. ಎರಡು ಭಾಷೆಗಳ ಒಡನಾಟದಿಂದ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ಅಜ್ಜಿಯೊಂದಿಗೆ ಮಾತನಾಡುವ ಅವಕಾಶವೇ ಆ ಮಗುವಿಗೆ ಇಲ್ಲವಾಗುತ್ತದೆ, ಅಷ್ಟೆ. ಇಂಥ ವಿಷಯಗಳಲ್ಲಿ ಹೆತ್ತವರು ಎದುರಿಗೆ ಕುಳಿತು ತಮ್ಮ ದಿನಚರಿಯನ್ನು ವಿವರಿಸಿದರೆ ನಮ್ಮಂಥವರ ಸಲಹೆಯ ರೀತಿಯೇ ಬದಲಾಗುತ್ತದೆ. ಆದ್ದರಿಂದ ಎರಡೂ ಗುಂಪುಗಳನ್ನು ಬೇರೆ ಬೇರೆ ದಿನ ಕರೆಯಬೇಡಿ ಎಂಬುದು ನನ್ನ ವಿನಂತಿ.

ಪಡುಬಿದ್ರಿಯ ಅಪ್ಪ

ಮೇಡಂ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಆದ್ಯತೆಯ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಬೌದ್ಧಿಕ ನ್ಯೂನತೆ ಇರುವ ನನ್ನ ಮಗಳು ಈಗ ವಯಸ್ಕಳು. ಥೆರಪಿ ಕಲಿಸುವವರು ಮಂಗಳೂರು, ಮಣಿಪಾಲದಲ್ಲಿ ಹುಡುಕಿದರೆ ಸಿಗುತ್ತಾರೆ. ಕಾಗದಪತ್ರದ ದಾರಿ ಹೇಳಿಕೊಡುವವರು ಸಿಗುವುದಿಲ್ಲ. ನಿಮ್ಮ ಹಣದಲ್ಲಿ ಮೊದಲು ಪೋಷಕ ಪ್ರತಿನಿಧಿಗಳನ್ನೇ ತಯಾರು ಮಾಡಿ.

ಏನನ್ನು ಕಲಿಸಬೇಕು ಎಂದು ಕೇಳಿದ್ದೀರಿ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಅದರ 31ನೇ ಸೆಕ್ಷನ್ ಪ್ರಕಾರ ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯ, 6 ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕಿದೆ. 23ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ಅಲ್ಲಿಗೂ ಮುಗಿಯದಿದ್ದರೆ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವವರಿಗಾಗಿಯೇ ಇದ್ದು, ಅದರಡಿಯ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ರಕ್ಷಣೆಯಿದೆ. ಥೆರಪಿಯ ಖರ್ಚಿಗೂ ಅದರಲ್ಲಿ ಅವಕಾಶವಿದೆ, ಸೇರುವ ಮೊದಲು ವೈದ್ಯಕೀಯ ಪರೀಕ್ಷೆಯ ಕಾಟವಿಲ್ಲ. ಇದು ಗೊತ್ತಿಲ್ಲದ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಬೇಕಾದಷ್ಟಿವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು 18 ತುಂಬಿದ ನಂತರದ ವಿಷಯಕ್ಕೆ. ಮಗು ಎಷ್ಟೇ ಅವಲಂಬಿತವಾಗಿದ್ದರೂ 18 ತುಂಬಿದ ದಿನದಿಂದ ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ 'ಖಾತೆದಾರರೇ ಸಹಿ ಹಾಕಬೇಕು' ಎಂದು ಚೀಟಿ ಹಿಂದಕ್ಕೆ ತಳ್ಳಿದಾಗಲೇ ಎಷ್ಟೋ ಹೆತ್ತವರಿಗೆ ಅದು ತಿಳಿಯುವುದು. ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕತ್ವ (ಅವರ ಪರವಾಗಿ ಕಾನೂನುಬದ್ಧವಾಗಿ ನಿರ್ಧರಿಸುವ ಅಧಿಕಾರ) ಪಡೆಯಬಹುದು, ಕೋರ್ಟಿಗೆ ಅಲೆಯಬೇಕಾಗಿಲ್ಲ. ಆದರೆ ಪಾಲಕತ್ವ ಬೇಕೇ, ಎಷ್ಟರ ಮಟ್ಟಿಗೆ ಬೇಕು, ಮಗನೋ ಮಗಳೋ ಯಾವ ನಿರ್ಧಾರಗಳನ್ನು ಸ್ವತಃ ತೆಗೆದುಕೊಳ್ಳಬಲ್ಲರು ಎಂಬುದನ್ನು ಅರ್ಜಿ ಬರೆಯುವ ಮೊದಲು ಕುಳಿತು ಯೋಚಿಸಬೇಕು. ಎಲ್ಲದಕ್ಕೂ ಅಪ್ಪನ ಸಹಿ ಎಂಬುದು ನಮಗೆ ಅನುಕೂಲ, ಮಕ್ಕಳಿಗೆ ಅಷ್ಟೇನೂ ಅಲ್ಲ.

ಇದೆಲ್ಲ ಪುಸ್ತಕದ ವಿಷಯವಾಯಿತು. ಪ್ರತಿನಿಧಿಗೆ ಬೇಕಾದ ಅಭ್ಯಾಸಗಳು ಬೇರೆ: ಬಾಯಿಮಾತಿನಲ್ಲಿ ಕೇಳದೆ ಬರೆದುಕೊಡುವುದು, ನಕಲು ಪ್ರತಿಯ ಮೇಲೆ ಮೊಹರು ಮತ್ತು ತಾರೀಕಿನೊಂದಿಗೆ ಸ್ವೀಕೃತಿ ಪಡೆಯುವುದು, ಸಣ್ಣ ಮಕ್ಕಳಿಗೆ ಕೊಟ್ಟ ತಾತ್ಕಾಲಿಕ ಅಂಗವೈಕಲ್ಯ ಪ್ರಮಾಣಪತ್ರದ ಅವಧಿ ಮುಗಿಯುವ ಮೊದಲೇ ಮನೆಯವರಿಗೆ ನೆನಪಿಸುವುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ತಾಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನೂ ನಿಮ್ಮ ತರಬೇತಿಗೆ ಕಲಿಯುವವರಾಗಿ ಮಾತ್ರವಲ್ಲ, ಕಲಿಸುವವರಾಗಿಯೂ ಕರೆಯಿರಿ. ಗ್ರಾಮೀಣ ಕಾರ್ಯಕರ್ತರು ಸ್ವತಃ ಅಂಗವಿಕಲರು, ಯಾವ ಅರ್ಜಿ ಯಾವ ಮೇಜಿನಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಷ್ಟು ನಮಗೆ ತಿಳಿದಿರುವುದಿಲ್ಲ. ಪಂಚಾಯಿತಿ ತನ್ನ ಹಣದಲ್ಲಿ ಅಂಗವಿಕಲರಿಗಾಗಿ ತೆಗೆದಿಡಬೇಕಾದ ಶೇಕಡಾ 5ರ ನಿಧಿಯ ಬಗ್ಗೆಯೂ ಅವರಿಂದಲೇ ಕೇಳಿ ತಿಳಿಯಿರಿ.

ಪ್ರತಿನಿಧಿಯಾದವರು ಹಣ ಪಡೆಯಕೂಡದು, ಒಂದು ಮನೆಯ ವರದಿಯನ್ನು ಇನ್ನೊಂದು ಮನೆಯಲ್ಲಿ ಹೇಳಕೂಡದು, ಮನೆಯವರು ಬೇಡವೆಂದರೆ ಸುಮ್ಮನಿರಬೇಕು. ಇದು ಬರವಣಿಗೆಯಲ್ಲಿಯೇ ಇರಲಿ. ಇಲ್ಲದಿದ್ದರೆ ಪ್ರತಿನಿಧಿ ದಲ್ಲಾಳಿಯಾಗಲು ಹೆಚ್ಚು ಕಾಲ ಬೇಡ.

ಸಂಪನ್ಮೂಲ ಶಿಕ್ಷಕ, ಬೆಳ್ತಂಗಡಿ

ನಾನು ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ತಾಲೂಕು ಮಟ್ಟದಲ್ಲಿ ಸಮನ್ವಯ ಶಿಕ್ಷಣದ, ಅಂದರೆ ನ್ಯೂನತೆಯಿರುವ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲಿ ಎಲ್ಲರೊಂದಿಗೆ ಕಲಿಸುವ, ಕೆಲಸ ಮಾಡುವವನು. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣವೂ ನಮ್ಮ ಪಾಲಿಗೇ ಬರುತ್ತದೆ. ಕೊಕ್ಕಡ ಕಡೆಯ ಎಂಡೋಸಲ್ಫಾನ್ ಕೀಟನಾಶಕದ ಪೀಡಿತ ಮನೆಗಳಿಗೆ ಹೋದವರಿಗೆ ಗೊತ್ತು, ಅಲ್ಲಿಯ ಎಷ್ಟೋ ತಾಯಂದಿರಿಗೆ ತಮ್ಮ ಮಗುವಿನ ದೇಹದ ಬಗ್ಗೆ ಇರುವ ತಿಳಿವಳಿಕೆ ನಮ್ಮ ಯಾವ ಕಡತದಲ್ಲಿಯೂ ಇಲ್ಲ.

ಪ್ರಶ್ನೆ ಕೇಳಿದ ಅಕ್ಕನವರು ಹೇಳಿದ 'ಏಕಾಗ್ರತೆ ಹೆಚ್ಚಿಸುವುದು' ಎಂಬ ಗುರಿಯನ್ನೇ ತರಬೇತಿಯ ಮೊದಲ ಪಾಠ ಮಾಡಿಕೊಳ್ಳಿ ಎಂದು ಸೂಚಿಸುತ್ತೇನೆ. ಅದನ್ನು ಕರಿಹಲಗೆಯ ಮೇಲೆ ಬರೆಯಿರಿ. ಒಂದೊಂದು ಮೇಜಿಗೆ ಒಬ್ಬ ತಾಯಿ, ಒಬ್ಬ ಶಿಕ್ಷಕಿ, ಒಬ್ಬ ಅಂಗನವಾಡಿ ಕಾರ್ಯಕರ್ತೆ, ಸಾಧ್ಯವಾದರೆ ಒಬ್ಬ ಥೆರಪಿಸ್ಟ್ ಕುಳಿತು ಅದನ್ನು ತಿದ್ದಲಿ. 'ಬೆಲ್ ಆದ ಮೇಲೆ ಶಿಕ್ಷಕಿ ಒಮ್ಮೆ ಚಿತ್ರದ ಕಾರ್ಡ್ ತೋರಿಸಿದರೆ, ಹುಡುಗ ತಾನಾಗಿ ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಡುತ್ತಾನೆ. ವಾರದ ಐದು ದಿನಗಳಲ್ಲಿ ನಾಲ್ಕು ದಿನವಾದರೂ ಹೀಗೆ ಮಾಡುತ್ತಾನೆ. ಡಿಸೆಂಬರ್ ಕೊನೆಯೊಳಗೆ' ಎಂಬಲ್ಲಿಗೆ ಬಂದು ನಿಂತರೆ, ಯಾರು ಏನು ಮಾಡಬೇಕು, ಆಯಿತೋ ಇಲ್ಲವೋ ಎಂಬುದು ಎಲ್ಲರಿಗೂ ಕಾಣುತ್ತದೆ. ತರಗತಿಯ ಗೋಡೆಯ ಕ್ಯಾಲೆಂಡರಿನಲ್ಲಿ ಶಿಕ್ಷಕಿ ದಿನಕ್ಕೊಂದು ಗುರುತು ಹಾಕಿದರೆ ದಾಖಲೆಯೂ ಆಯಿತು. ಹೀಗೆ ತಿದ್ದುವಾಗ, ಅವನಿಗೆ ಬೆಲ್ಲಿನ ಸದ್ದೇ ಹಿಂಸೆ, ಕಿವಿ ಮುಚ್ಚಿಕೊಂಡ ಕೈಯಿಂದ ಪುಸ್ತಕ ತೆಗೆಯುವುದು ಹೇಗೆ ಎಂಬ ಮಾತು ತಾಯಿಯಿಂದಲೇ ಬರುತ್ತದೆ. ಆಗ ಗುರಿಯನ್ನು ಮತ್ತೆ ತಿದ್ದಬೇಕು. ಅಷ್ಟು ಹೊತ್ತಿಗೆ ಶಿಕ್ಷಕಿಗೂ ತಾಯಿಗೂ ನಡುವೆ ಇದ್ದ ಬಿಗುವು ಸ್ವಲ್ಪ ಸಡಿಲಾಗಿರುತ್ತದೆ.

ಶಿಕ್ಷಕರ ಪರವಾಗಿಯೂ ಒಂದು ಮಾತು. ನಮ್ಮವರಿಗೆ ನಡೆಯುವ ತರಬೇತಿ ಹೆಚ್ಚಾಗಿ ಒಂದು ದಿನದ ಭಾಷಣ: ಬೆಳಿಗ್ಗೆ ಉದ್ಘಾಟನೆ, ಹೂಗುಚ್ಛ, ಸ್ಲೈಡ್, ಮಧ್ಯಾಹ್ನ ಊಟ, ಸಂಜೆ ಸಹಿ. ಮಗುವನ್ನೇ ನೋಡದೆ ಕಲಿತದ್ದು ತರಗತಿಯವರೆಗೆ ಬರುವುದಿಲ್ಲ. ಒಂದು ಪಾಠ ಕಲಿತು, ಮೂರು ನಾಲ್ಕು ವಾರ ತರಗತಿಯಲ್ಲಿ ಮಾಡಿ ನೋಡಿ, ಎಡವಿದ್ದನ್ನು ಹೊತ್ತುಕೊಂಡು ಮತ್ತೆ ಬರುವಂತಿರಬೇಕು.

ಅಂಗನವಾಡಿಯವರನ್ನು ಬಿಡಬೇಡಿ ಎಂಬುದಕ್ಕೆ ಇನ್ನೊಂದು ಕಾರಣವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಬೆಳವಣಿಗೆಯ ವಿಳಂಬ ಕಂಡವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ (ಚಿಕ್ಕ ವಯಸ್ಸಿನಲ್ಲಿಯೇ ಪರೀಕ್ಷೆ, ಚಿಕಿತ್ಸೆ ಆರಂಭಿಸುವ ಕೇಂದ್ರಕ್ಕೆ) ಕಳುಹಿಸಬೇಕು. ತಂಡ ಬಂದ ದಿನ ಮಗು ಗೈರುಹಾಜರಾಗಿದ್ದರೆ, ಅಥವಾ ಚೀಟಿ ಬರೆದುಕೊಟ್ಟರೂ ಮನೆಯವರು ಹೆದರಿ ಹೋಗದಿದ್ದರೆ, ಅದು ಮೊದಲು ತಿಳಿಯುವುದು ಅಂಗನವಾಡಿ ಕಾರ್ಯಕರ್ತೆಗೆ. ಆಕೆ ತಾಯಿಯೊಬ್ಬಳನ್ನು ಜೊತೆಗೆ ಕರೆದುಕೊಂಡು ಆ ಮನೆಗೆ ಹೋಗುವಂತಾದರೆ ನಿಮ್ಮ ದಾನಿಯ ಹಣ ಸಾರ್ಥಕ.

ಕಾರ್ಕಳದವ, ಈಗ ಅಮೆರಿಕದಲ್ಲಿ

ಇಲ್ಲಿಯ ಎರಡು ಮಾದರಿಗಳನ್ನು ತಿಳಿಸುತ್ತೇನೆ, ನಕಲು ಮಾಡಲೆಂದಲ್ಲ, ಆಯ್ದುಕೊಳ್ಳಲೆಂದು. ಲೆಂಡ್ ಎಂದು ಕರೆಯುವ, ಕೇಂದ್ರ ಸರ್ಕಾರದ ಅನುದಾನದಿಂದ ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆಗಳಲ್ಲಿ ನಡೆಯುವ ತರಬೇತಿಯಲ್ಲಿ ಮಕ್ಕಳ ವೈದ್ಯರು, ವಾಕ್ ತಜ್ಞರು, ಆಹಾರ ತಜ್ಞರು, ಸಮಾಜಕಾರ್ಯದವರು ಮುಂತಾದವರೊಂದಿಗೆ 'ಕುಟುಂಬ' ಎಂಬುದನ್ನೂ ಒಂದು ಜ್ಞಾನಶಾಖೆಯಾಗಿ ಪರಿಗಣಿಸುತ್ತಾರೆ. ದೀರ್ಘಾವಧಿಯ ಅಭ್ಯರ್ಥಿಗಳಿಗೆ 300 ಗಂಟೆಗಿಂತ ಹೆಚ್ಚಿನ ಕಲಿಕೆಯಿದ್ದು, ನ್ಯೂನತೆಯಿರುವ ಮಗುವಿನ ತಾಯಿ ವೈದ್ಯರ ಪಕ್ಕದಲ್ಲಿ ಅದೇ ತರಗತಿಯ ವಿದ್ಯಾರ್ಥಿಯಾಗಿ ಕುಳಿತಿರುತ್ತಾಳೆ. ವೃತ್ತಿಗೆ ಕಾಲಿಡುವ ಮೊದಲೇ ತಾಯಿಯೊಬ್ಬಳು ಸಹಪಾಠಿಯಾಗಿದ್ದರೆ, ಮುಂದೆ ಎದುರು ಕುಳಿತ ತಾಯಿಯೊಡನೆ ಆಡುವ ಮಾತಿನ ಧಾಟಿ ಬೇರೆಯಾಗುತ್ತದೆ. ನಮ್ಮ ಮಂಗಳೂರು, ಮಣಿಪಾಲದ ಕಾಲೇಜುಗಳಿಗೆ ಇದು ಅಸಾಧ್ಯವೇನಲ್ಲ.

ಪೋಷಕ ಪ್ರತಿನಿಧಿಗಳಿಗೆ ಇನ್ನೂ ಹತ್ತಿರದ ಮಾದರಿ ಮಿನೆಸೋಟಾ ರಾಜ್ಯದಲ್ಲಿ 1987ರಲ್ಲಿ ಆರಂಭವಾದ ಪಾರ್ಟ್‌ನರ್ಸ್ ಇನ್ ಪಾಲಿಸಿಮೇಕಿಂಗ್. ಅದರಲ್ಲಿ ಹೆತ್ತವರೂ, ನ್ಯೂನತೆಯಿರುವ ವಯಸ್ಕರೂ ತಿಂಗಳಿಗೆ ಎರಡು ದಿನದಂತೆ ಎಂಟು ಬಾರಿ ಸೇರಿ, ತಮ್ಮ ಹಕ್ಕುಗಳನ್ನೂ ಜನಪ್ರತಿನಿಧಿಗಳೊಡನೆ ವ್ಯವಹರಿಸುವ ಬಗೆಯನ್ನೂ ಕಲಿಯುತ್ತಾರೆ. ನಿಮ್ಮ ಯೋಜನೆಯಲ್ಲಿ ನನಗೆ ಕಾಣದ ಅಂಶವೂ ಇದೇ: ಬೆಳೆದು ದೊಡ್ಡವರಾದ, ನ್ಯೂನತೆಯೊಂದಿಗೆ ಬದುಕುತ್ತಿರುವವರ ಕುರ್ಚಿ ಎಲ್ಲಿ? ಮಕ್ಕಳ ಪರವಾಗಿ ಹೆತ್ತವರು ಮಾತನಾಡುವುದು ಸರಿ, ಆದರೆ ಆ ಮಕ್ಕಳು ಮುಂದೆ ಏನು ಹೇಳಬಹುದೆಂದು ತಿಳಿದಿರುವವರು ನ್ಯೂನತೆಯಿರುವ ಆ ವಯಸ್ಕರು.

ಸೀತಾನದಿ, ಬ್ರಹ್ಮಾವರ

ಎಲ್ಲರ ಉತ್ತರಗಳನ್ನೂ ಬಳಗದಲ್ಲಿ ಓದಿ ಚರ್ಚಿಸಿದೆವು. ಮಳೆಗಾಲ ಕಳೆದ ಮೇಲೆ ತಿಂಗಳಿಗೊಂದು ಭಾನುವಾರದಂತೆ ಎಂಟು ಭೇಟಿಗಳನ್ನು ಇಟ್ಟುಕೊಳ್ಳುವುದು, ಮೊದಲ ದಿನ ಭಾಷಣವಿಲ್ಲದೆ ಆ ಗುರಿ ತಿದ್ದುವ ಪಾಠ, ಕಾಗದಪತ್ರಕ್ಕೆ ಎರಡು ಭಾನುವಾರ, ಊಟ ಮತ್ತು ಸಂವಹನಕ್ಕೆ ಎರಡು ಎಂಬಷ್ಟು ಒಪ್ಪಿಗೆಯಾಗಿದೆ. ಪಡುಬಿದ್ರಿಯ ಅಣ್ಣನವರು ಹೇಳಿದ ನಿಯಮಗಳನ್ನು ಬರೆದು ಎಲ್ಲರ ಸಹಿ ಪಡೆಯುತ್ತೇವೆ. ನ್ಯೂನತೆಯಿರುವ ಇಬ್ಬರು ವಯಸ್ಕರನ್ನು ಕೇಳಿದ್ದೇವೆ. ಒಬ್ಬರು ಒಪ್ಪಿದ್ದಾರೆ, ಇನ್ನೊಬ್ಬರು ಮೊದಲ ಸಭೆ ನೋಡಿ ಹೇಳುತ್ತೇನೆ ಎಂದಿದ್ದಾರೆ. ಉಳಿದಿರುವ ಸಮಸ್ಯೆ ಒಂದೇ: ನಾವೆಲ್ಲ ಒಳಗೆ ಕುಳಿತು ಕಲಿಯುವಾಗ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಮನೆಯಲ್ಲಿ ಬಿಟ್ಟು ಬನ್ನಿ ಎಂದರೆ ತಾಯಂದಿರಲ್ಲಿ ಅರ್ಧದಷ್ಟು ಜನ ಬರಲಾರರು.

ನೇತ್ರಾವತಿ, ವಾಕ್ ಚಿಕಿತ್ಸಕಿ, ಮಂಗಳೂರು

ಅದಕ್ಕೆ ವಿಶೇಷ ಶಿಕ್ಷಣ, ಸಮಾಜಕಾರ್ಯ ಅಥವಾ ವಾಕ್ ಶ್ರವಣ ಓದುತ್ತಿರುವ ವಿದ್ಯಾರ್ಥಿಗಳನ್ನು ಕರೆಯಿರಿ. ಕಾಲೇಜಿಗೆ ಪತ್ರ ಬರೆದರೆ ಅವರ ಕ್ಷೇತ್ರಕಾರ್ಯದ ಗಂಟೆಗಳಲ್ಲಿಯೇ ಅದನ್ನು ಸೇರಿಸಲು ಒಪ್ಪಬಹುದು. ಆದರೆ ಆ ದಿನ ಬೆಳಿಗ್ಗೆಯೇ ಅಪರಿಚಿತರ ಕೈಗೆ ಮಕ್ಕಳನ್ನು ಕೊಡಬೇಡಿ, ಹಿಂದಿನ ವಾರ ಒಮ್ಮೆ ಭೇಟಿ ಮಾಡಿಸಿ. ಪ್ರತಿ ಮಗುವಿಗೂ ಒಂದು ಹಾಳೆ ಇರಲಿ: ಫಿಟ್ಸ್ ಬರುತ್ತದೆಯೇ, ಬಂದರೆ ಏನು ಮಾಡಬೇಕು, ಯಾವ ಔಷಧಿ ಎಷ್ಟು ಹೊತ್ತಿಗೆ, ಏನನ್ನು ತಿನ್ನಿಸಬಾರದು, ಶೌಚಕ್ಕೆ ಹೋಗಬೇಕೆಂದು ಹೇಗೆ ತಿಳಿಸುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಸಮಾಧಾನವಾಗುವುದು ಯಾವುದರಿಂದ. ಬಾಗಿಲಿನ ಬಳಿ ಇಬ್ಬರು ಯಾವಾಗಲೂ ಇರಬೇಕು, ಏಕೆಂದರೆ ಓಡಿಹೋಗುವ ಅಭ್ಯಾಸವಿರುವ ಮಕ್ಕಳಿಗೆ ಹೆದ್ದಾರಿ ಪಕ್ಕದ ಸಭಾಂಗಣ ಅಪಾಯ. ಗೇಟಿಗೆ ಚಿಲಕವಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಎರಡನೇ ಭಾನುವಾರದ ಊಟದ ಪಾಠಕ್ಕೆ ನಾನು ಬರುತ್ತೇನೆ. ಗಂಜಿ, ಚಮಚ, ಬೆನ್ನು ನೇರವಾಗಿರುವ ಸಣ್ಣ ಕುರ್ಚಿಗಳು ಮತ್ತು ಕಾಲಿಗೆ ಆಸರೆಯಾಗಲು ಕೆಲವು ಮಣೆಗಳು ಇದ್ದರೆ ಸಾಕು, ಪ್ರೊಜೆಕ್ಟರ್ ಬೇಡ.